ಅಜ್ಜಿಯ ಕಣ್ಣಿನ ಹೂ, ಅಪ್ಪು ಕೊಟ್ಟ ಕಣ್ಣು

ಈ ವಾರ ಬಸ್ತಿಹಳ್ಳಿಯಿಂದ ಮಾತಾಡ್ತಿದ್ದೀನಿ. ಹಳೇಬೀಡಿಗೆ ಬಂದವರು ಹೊಯ್ಸಳೇಶ್ವರ ನೋಡಿ ಬಸ್ಸು ಹತ್ತಿಬಿಡ್ತಾರೆ, ಪಕ್ಕದ ಬಸದಿಗಳ ಕಡೆ ಬರೋರು ಕಡಿಮೆ. ಇಲ್ಲಿ 1133ರಲ್ಲಿ ಕಟ್ಟಿದ ಪಾರ್ಶ್ವನಾಥ ಬಸದಿಯ ಕಂಬಗಳು ಎಷ್ಟು ನುಣುಪು ಅಂದ್ರೆ, ಎದುರು ನಿಂತವರ ಮುಖ ಕಾಣುತ್ತೆ. ಆದರೆ ಕಂಬದ ಉಬ್ಬುತಗ್ಗಿಗೆ ತಕ್ಕಂತೆ ಮುಖ ಸೊಟ್ಟಗಾಗುತ್ತೆ.

ಕಣ್ಣಿನ ಡಾಕ್ಟರು ಕಾರ್ನಿಯಾ ನೋಡೋದೂ ಹೆಚ್ಚುಕಡಿಮೆ ಹೀಗೇ. ಕಾರ್ನಿಯಾ ಅಂದರೆ ಕರಿಗುಡ್ಡೆಯ ಮುಂದಿರುವ ಗಾಜಿನಂಥ ಪದರ. ದಪ್ಪ ಸುಮಾರು ಅರ್ಧ ಮಿಲಿಮೀಟರ್. 1880ರ ಸುಮಾರಿಗೆ ಪೋರ್ಚುಗಲ್ಲಿನ ವೈದ್ಯ ಪ್ಲಾಸಿಡೊ, ಕಪ್ಪುಬಿಳಿ ಬಳೆಗಳಿರುವ ತಟ್ಟೆಯೊಂದನ್ನು ಕಣ್ಣಿನೆದುರು ಹಿಡಿದು ಅದರ ಪ್ರತಿಬಿಂಬ ನೋಡಿದರು. ಬಳೆ ಸೊಟ್ಟಗಿದ್ದರೆ ಕಾರ್ನಿಯಾ ಸಮವಾಗಿಲ್ಲ ಅಂತ ಅರ್ಥ. ಹರೆಯದಲ್ಲಿ ಅದು ತೆಳುವಾಗಿ ಶಂಕುವಿನಂತೆ ಉಬ್ಬುವ ಕೆರಟೋಕೋನಸ್ ಕಾಯಿಲೆಯನ್ನು ಇಂದಿನ ಯಂತ್ರಗಳಲ್ಲಿ ಎಷ್ಟೋ ಇದೇ ಉಪಾಯದಿಂದ ಹಿಡಿಯುತ್ತವೆ. ಬೇಗ ಸಿಕ್ಕರೆ ರೈಬೋಫ್ಲೇವಿನ್ ಹನಿ ಹಾಕಿ, ನೇರಳಾತೀತ ಬೆಳಕು ಬಿಟ್ಟು, ಪದರವನ್ನು ಗಟ್ಟಿಮಾಡಿ ಉಬ್ಬು ಹೆಚ್ಚದಂತೆ ತಡೆಯುತ್ತಾರೆ. ಸುಮ್ಮಸುಮ್ಮನೆ ಕಣ್ಣುಜ್ಜೋ ಮಕ್ಕಳಿದ್ದರೆ ಒಮ್ಮೆ ತೋರಿಸಿ.

ನಮ್ಮ ಕಡೆ ಹಳಬರಿಗೆ ಗೊತ್ತಿದ್ದ ಕಾರ್ನಿಯಾದ ಕಾಯಿಲೆ ಮಾತ್ರ ಬೇರೆ. ಅದಕ್ಕೆ 'ಕಣ್ಣಿಗೆ ಹೂ ಬಿದ್ದಿದೆ' ಅನ್ನೋರು. ಇದು ಪೊರೆ ಅಲ್ಲ. ಪೊರೆ ಬರೋದು ಒಳಗಿನ ಲೆನ್ಸಿಗೆ, ಹೂ ಅನ್ನೋದು ಕಾರ್ನಿಯಾ ಮೇಲಿನ ಬಿಳಿ ಕಲೆ. ಸಿಡುಬು, ಎ ಜೀವಸತ್ವದ ಕೊರತೆ, ಗದ್ದೆಯಲ್ಲಾದ ಗಾಯ, ಎಲ್ಲವೂ ಆ ಹೂ ಬಿಟ್ಟುಹೋಗುತ್ತಿದ್ದವು. ನಮ್ಮಜ್ಜಿಗೆ ಕಣದಲ್ಲಿ ಭತ್ತದ ಸುಂಕು ಎಡಗಣ್ಣಿಗೆ ಬಡಿದಿತ್ತು. ಸೊಪ್ಪಿನ ರಸ ಬಿಟ್ಟರು, ಎದೆಹಾಲು ಬಿಟ್ಟರು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಹುಣ್ಣಾಗಿ, ಮಾಯ್ದು, ಹೂ ಉಳಿಯಿತು. ಹುಲ್ಲು, ಸುಂಕು, ಗರಿ ತಗುಲಿದ ಕಣ್ಣಿಗೆ ಶಿಲೀಂಧ್ರ ಅಂಟಬಹುದು. ಅದಕ್ಕೆ ಇವತ್ತು ನಾಟಾಮೈಸಿನ್ ಹನಿ ಇದೆ, ವಾರಗಟ್ಟಲೆ ಬಿಡಬೇಕು. ಡಾಕ್ಟರಿಗೆ ತೋರಿಸದೆ ಮೆಡಿಕಲ್ ಶಾಪಿನಿಂದ ಸ್ಟೀರಾಯ್ಡ್ ಹನಿ ತಂದು ಬಿಟ್ಟರೆ ಹುಣ್ಣು ಇನ್ನಷ್ಟು ಆಳಕ್ಕಿಳಿಯುತ್ತದೆ.

ಕಲೆ ಉಳಿದ ಮೇಲೆ? ಕಾರ್ನಿಯಾನೇ ಬದಲಿಸಬೇಕು. ಅದು ಮೊದಲು ಗೆದ್ದದ್ದು 1905ರ ಡಿಸೆಂಬರ್‌ನಲ್ಲಿ, ಈಗಿನ ಚೆಕ್ ದೇಶದ ಓಲೊಮೌಟ್ಸ್‌ನಲ್ಲಿ. ರೋಗಿ ಒಬ್ಬ ಕೂಲಿಯಾಳು. ಸುಣ್ಣ ಸಿಡಿದು ಎರಡೂ ಕಣ್ಣು ಸುಟ್ಟಿದ್ದವು. (ನಮ್ಮಲ್ಲೂ ಎಲೆಯಡಿಕೆಯ ಸುಣ್ಣದ ಪೊಟ್ಟಣ ಹಿಚುಕಿ ಕಣ್ಣು ಸುಟ್ಟುಕೊಳ್ಳೋ ಮಕ್ಕಳಿದ್ದಾರೆ. ಆ ಕ್ಷಣವೇ ನೀರು ಹಾಕಿ ತೊಳೀರಿ, ತುಂಬಾ ಹೊತ್ತು ತೊಳೀರಿ, ಆಮೇಲೆ ಆಸ್ಪತ್ರೆಗೆ ಓಡಿ.) ಡಾಕ್ಟರ್ ಎಡ್ವರ್ಡ್ ಜಿರ್ಮ್, ಗಾಯಗೊಂಡು ತೆಗೆಯಲೇಬೇಕಾಗಿದ್ದ ಹನ್ನೊಂದು ವರ್ಷದ ಹುಡುಗನ ಕಣ್ಣಿನಿಂದ ಕಾರ್ನಿಯಾ ತೆಗೆದು ಆ ಆಳಿಗೆ ಕೂರಿಸಿದರು. ಎರಡರಲ್ಲಿ ಒಂದು ಕಣ್ಣು ಉಳೀತು. ಮುಂದೆ 1930ರ ದಶಕದಲ್ಲಿ ಒಡೆಸ್ಸಾದ ಫಿಲಾತೋವ್, ಸತ್ತವರ ಕಾರ್ನಿಯಾ ಸಾಕು ಅಂತ ತೋರಿಸಿಕೊಟ್ಟರು. ಕಾರ್ನಿಯಾದಲ್ಲಿ ರಕ್ತನಾಳ ಇಲ್ಲ. ಹಾಗಾಗಿ ಸಾಮಾನ್ಯವಾಗಿ ರಕ್ತದ ಗುಂಪು ನೋಡೋ ಗೋಜಿಲ್ಲ.

ಕನ್ನಡಿಗರ ಮನೆಮನೆಗೆ ಈ ಸಂಗತಿ ಮುಟ್ಟಿಸಿದ್ದು ಡಾ. ರಾಜ್‌ಕುಮಾರ್. 1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಅವರ ಹೆಸರಿನ ನೇತ್ರಬ್ಯಾಂಕ್ ಶುರುವಾಯಿತು, 2006ರ ಏಪ್ರಿಲ್‌ನಲ್ಲಿ ಅವರದೇ ಕಣ್ಣುಗಳು ದಾನವಾದವು. 2021ರ ಅಕ್ಟೋಬರ್‌ನಲ್ಲಿ ಪುನೀತ್ ಹೋದಾಗ ಡಾ. ಭುಜಂಗ ಶೆಟ್ಟಿಯವರ ತಂಡ ಒಂದೊಂದು ಕಾರ್ನಿಯಾವನ್ನೂ ಎರಡು ಪದರ ಮಾಡಿತು. ಮೇಲಿನ ಪದರ ಹಾಳಾದ ಇಬ್ಬರಿಗೆ ಮೇಲಿನದು, ಒಳಪದರ ಕೆಟ್ಟ ಇಬ್ಬರಿಗೆ ಒಳಗಿನದು. ಎರಡು ಕಣ್ಣಿನಿಂದ ನಾಲ್ಕು ಜನಕ್ಕೆ ದೃಷ್ಟಿ.

ನಮ್ಮಜ್ಜಿ ತೀರಿಕೊಂಡದ್ದು 1997ರಲ್ಲಿ. ಸಾವಾದ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ, ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ತಾರೆ ಅನ್ನೋ ಮಾತು ಬರ್ತಿತ್ತು. ಅವರ ಬಲಗಣ್ಣು ಕೊನೆಯವರೆಗೂ ತಿಳಿಯಾಗಿತ್ತು. ಮಾರನೇ ದಿನ ಮಧ್ಯಾಹ್ನ ತೋಟದಲ್ಲೇ ಮಣ್ಣು ಮಾಡಿದೆವು.