ಎಪ್ಪತ್ತೈದು ಸೆಂಟಿನ ಜಾಡು

1986ರ ಆಗಸ್ಟ್ ತಿಂಗಳು. ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದ ಕಂಪ್ಯೂಟರ್ ಕೇಂದ್ರದಲ್ಲಿ ಲೆಕ್ಕ ತಾಳೆಯಾಗಲಿಲ್ಲ. ವ್ಯತ್ಯಾಸ ಬರೀ 75 ಸೆಂಟ್. ಕಂಪ್ಯೂಟರ್ ಬಳಸಿದ ವಿಜ್ಞಾನಿಗಳಿಂದ ಗಂಟೆ ಲೆಕ್ಕದಲ್ಲಿ ಬಾಡಿಗೆ ಪಡೆಯುತ್ತಿದ್ದ ಕಾಲವದು. ಯಾರೋ ಒಂಬತ್ತು ಸೆಕೆಂಡು ಯಂತ್ರ ಬಳಸಿ ಹಣ ಕಟ್ಟಿರಲಿಲ್ಲ! ಬೇರೆಯವರಾದರೆ ತಮ್ಮ ಜೇಬಿನಿಂದ ಹಾಕಿ ಕಡತ ಮುಚ್ಚುತ್ತಿದ್ದರೇನೋ. ಆದರೆ ಈ ಕೆಲಸ ಬಿದ್ದದ್ದು ಖಗೋಳ ವಿಜ್ಞಾನದ ಅನುದಾನ ಮುಗಿದು ಅಲ್ಲಿಗೆ ಆಗಷ್ಟೇ ಬಂದಿದ್ದ ಕ್ಲಿಫರ್ಡ್ ಸ್ಟೋಲ್ ಅವರ ಪಾಲಿಗೆ.

ಹುಡುಕಿದಾಗ ಬಿಲ್ಲಿನ ವಿಳಾಸವೇ ಇಲ್ಲದ ಬಳಕೆದಾರನೊಬ್ಬ ಸಿಕ್ಕ. ಆತ ಒಳಹೊಕ್ಕ ಬಗೆ ನಮ್ಮ ಕೋಗಿಲೆಯದ್ದೇ. ಅಂಚೆ ಸಾಗಿಸುವ ಪ್ರೋಗ್ರಾಮೊಂದರ ಲೋಪ ಬಳಸಿ, ಐದು ನಿಮಿಷಕ್ಕೊಮ್ಮೆ ತಾನಾಗಿ ಓಡುವ ಪ್ರೋಗ್ರಾಮಿನ ಜಾಗದಲ್ಲಿ ತನ್ನದನ್ನು ಇಟ್ಟಿದ್ದ. ಕಾಗೆ ಸಾಕಿದಂತೆ ಯಂತ್ರ ಅದನ್ನು ಸಾಕಿತು. ಕಳ್ಳನಿಗೆ ಸರ್ವಾಧಿಕಾರ ದೊರೆಯಿತು.

ಬಾಗಿಲು ಮುಚ್ಚಬೇಕೆ, ತೆರೆದಿಟ್ಟು ಕಳ್ಳನನ್ನು ನೋಡಬೇಕೆ? ಕಂಪ್ಯೂಟರ್ ಕಾಯುವವರನ್ನು ಇಂದಿಗೂ ಕಾಡುವ ಪ್ರಶ್ನೆ ಇದು. ಸ್ಟೋಲ್ ಎರಡನೆಯದನ್ನು ಆರಿಸಿಕೊಂಡರು. ವಾರಾಂತ್ಯದಲ್ಲಿ ಸಹೋದ್ಯೋಗಿಗಳ ಮೇಜಿನಿಂದ ಪ್ರಿಂಟರುಗಳನ್ನು ಹೊತ್ತುತಂದು ಫೋನ್ ಸಂಪರ್ಕಗಳಿಗೆ ಜೋಡಿಸಿ, ಪಕ್ಕದಲ್ಲೇ ಮಲಗಿದರು. ಕಳ್ಳನ ಪ್ರತಿ ಅಕ್ಷರವೂ ಕಾಗದದ ಮೇಲೆ ಮೂಡಿತು. ಆತ ಅಪಾಯದ ಕೆಲಸಕ್ಕೆ ಕೈಹಾಕಿದಾಗಲೆಲ್ಲ ಸ್ಟೋಲ್ ಬೀಗದ ಕೈಗೊಂಚಲನ್ನು ತಂತಿಗೆ ತಾಗಿಸಿ ಗದ್ದಲ ಎಬ್ಬಿಸುತ್ತಿದ್ದರು. ಲೈನ್ ಕೆಟ್ಟಿದೆ ಎಂದು ಅವನು ನಂಬುತ್ತಿದ್ದ!

ಆತ ಸುಮಾರು 450 ಕಂಪ್ಯೂಟರುಗಳ ಬಾಗಿಲು ತಟ್ಟಿದ. ಮೂವತ್ತಕ್ಕೂ ಹೆಚ್ಚು ತೆರೆದುಕೊಂಡವು. ಅವುಗಳಲ್ಲಿ ಸೇನೆಯವೂ ಇದ್ದವು. ಅನೇಕ ಕಡೆ ಬೀಗ ಒಡೆಯುವ ಪ್ರಮೇಯವೇ ಬರಲಿಲ್ಲ. ಯಂತ್ರ ಮಾರುವಾಗ ತಯಾರಕರು ಇಟ್ಟ ಗುಪ್ತಪದವನ್ನೇ ಯಾರೂ ಬದಲಿಸಿರಲಿಲ್ಲ.

ಒಂದು ಡಾಲರೂ ಇಲ್ಲದ ನಷ್ಟಕ್ಕೆ ಎಫ್‌ಬಿಐ ಮೊದಮೊದಲು ಕಿವಿಗೊಡಲಿಲ್ಲ. ಜಾಡು ಪಶ್ಚಿಮ ಜರ್ಮನಿಯತ್ತ ಸಾಗಿದರೂ ಅಲ್ಲಿನ ಹಳೆಯ ದೂರವಾಣಿ ವಿನಿಮಯ ಕೇಂದ್ರಗಳಲ್ಲಿ ಕರೆಯ ಮೂಲವನ್ನು ಸಿಬ್ಬಂದಿ ಕೈಯಾರೆ ಹುಡುಕಬೇಕಿತ್ತು. ಅಷ್ಟು ಹೊತ್ತು ಕಳ್ಳ ಲೈನಿನಲ್ಲಿ ನಿಲ್ಲಬೇಕಲ್ಲ! ಗೆಳತಿಯ ಸಲಹೆಯಂತೆ ಸ್ಟೋಲ್, ಅಮೆರಿಕದ ‘ಸ್ಟಾರ್ ವಾರ್ಸ್’ ರಕ್ಷಣಾ ಯೋಜನೆಯ ಹೆಸರಿನಲ್ಲಿ ರಾಶಿ ರಾಶಿ ಸುಳ್ಳು ಕಡತ ಸೃಷ್ಟಿಸಿಟ್ಟರು. ಆತ ಅವನ್ನೋದುತ್ತ ಕುಳಿತ. ಕರೆ ಹ್ಯಾನೋವರ್ ನಗರದ್ದೆಂದು ತಿಳಿಯಿತು.

ಆತ ಮಾರ್ಕಸ್ ಹೆಸ್. ಕದ್ದ ಮಾಹಿತಿ ಸೋವಿಯತ್ ಗೂಢಚಾರ ಸಂಸ್ಥೆ ಕೆಜಿಬಿಗೆ ಮಾರಾಟವಾಗುತ್ತಿತ್ತು. 1990ರಲ್ಲಿ ಜರ್ಮನ್ ನ್ಯಾಯಾಲಯ ಅವನನ್ನೂ ಇಬ್ಬರು ಸಂಗಡಿಗರನ್ನೂ ತಪ್ಪಿತಸ್ಥರೆಂದು ಘೋಷಿಸಿದರೂ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು.