ವಯನಾಡಿನ ಆದಿವಾಸಿಗಳು ಮತ್ತು ನಾಡಿನ ಚರಿತ್ರೆ

ಗಡಿನಾಡ ಕನ್ನಡಿಗರಾದ ನಮಗೆ ಚರಿತ್ರೆಯೆಂದರೆ ಬಹುಮಟ್ಟಿಗೆ ಒಂದೇ ದಿನಾಂಕ: 1956ರ ನವೆಂಬರ್ 1. ಅಂದು ಕಾಸರಗೋಡು ಕೇರಳಕ್ಕೆ ಸೇರಿತು. ಆ ಮೇಲಿನ ಹೋರಾಟ, 1967ರ ಮಹಾಜನ ವರದಿ, ಶಾಲೆ ಕಚೇರಿಗಳಲ್ಲಿ ಕನ್ನಡದ ಸ್ಥಾನಮಾನ ಇವೆಲ್ಲ ನಮ್ಮ ಮನೆಗಳಲ್ಲಿ ದಿನನಿತ್ಯದ ಮಾತುಗಳು. ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಓದಿದ ನಾನೂ ಈ ಮಾತುಗಳನ್ನು ಕೇಳುತ್ತಲೇ ಬೆಳೆದವನು. ಆದರೆ ಇದೇ ಕೇರಳದ ಇನ್ನೊಂದು ಗಡಿಯಾದ ವಯನಾಡಿನಲ್ಲಿ, ನಮಗಿಂತ ಎಷ್ಟೋ ಮೊದಲೇ ಇಂಥ ಗೆರೆಗಳ ನಡುವೆ ಸಿಕ್ಕಿಕೊಂಡ ಜನರಿದ್ದಾರೆ. ಅವರ ಕಡೆಯಿಂದ ನೋಡಿದರೆ ಪಾಠಪುಸ್ತಕದ ಇಸವಿಗಳಿಗೆಲ್ಲ ಬೇರೆಯೇ ಅರ್ಥ ಬರುತ್ತದೆ. ಆ ಅರ್ಥವೇನೆಂದು ವಾಚಕರ ಮುಂದಿಡುವುದಷ್ಟೇ ಈ ಲೇಖನದ ಉದ್ದೇಶ.

2011ರ ಜನಗಣತಿಯಂತೆ ಕೇರಳದ ಜನಸಂಖ್ಯೆಯಲ್ಲಿ ಪರಿಶಿಷ್ಟ ಪಂಗಡದವರು ನೂರಕ್ಕೆ 1.45ರಷ್ಟು ಮಾತ್ರ. ವಯನಾಡಿನಲ್ಲಿ ಮಾತ್ರ ಅವರು ನೂರಕ್ಕೆ 18.5ರಷ್ಟಿದ್ದಾರೆ, ಸಂಖ್ಯೆಯಲ್ಲಿ 1,51,443. ಪಣಿಯ, ಅಡಿಯ, ಕುರಿಚ್ಯ, ಮುಳ್ಳುಕುರುಮ, ಕಾಟುನಾಯ್ಕ ಮುಂತಾಗಿ ಅವರಲ್ಲಿ ಹಲವು ಕುಲಗಳು. ಇವರಲ್ಲಿ ಕೆಲವರು ನಮಗೆ ದೂರದವರೇನೂ ಅಲ್ಲ. ಕಾಟುನಾಯ್ಕರು ಮೈಸೂರು ಸೀಮೆಯ ಜೇನುಕುರುಬರ ಬಳಗದವರು. ಅವರ ನುಡಿ ಕನ್ನಡಕ್ಕೆ ತೀರ ಹತ್ತಿರ. ವಯನಾಡಿನಲ್ಲಿ ಅಡಿಯರೆನಿಸಿಕೊಂಡವರು ತಮ್ಮನ್ನು ತಾವು ರಾವುಳರೆಂದು ಕರೆದುಕೊಳ್ಳುತ್ತಾರೆ. ಗಡಿ ದಾಟಿ ಕೊಡಗಿಗೆ ಹೋದರೆ ಅವರೇ ಎರವರು. ಕಾಡು ಒಂದೇ, ಜನ ಒಂದೇ. ಹೆಸರು ಮಾತ್ರ ರಾಜ್ಯಕ್ಕೊಂದು, ಪಟ್ಟಿಗೊಂದು.

ಬಿಲ್ಲು ಹಿಡಿದ ಕಾಲ

ಸ್ವಾತಂತ್ರ್ಯ ಹೋರಾಟದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ 1857ರಿಂದ ಆರಂಭಿಸುತ್ತೇವೆ. ವಯನಾಡಿನಲ್ಲಿ ಅದಕ್ಕೂ ಅರ್ಧ ಶತಮಾನ ಮೊದಲೇ ಕಂಪನಿ ಸರಕಾರದ ವಿರುದ್ಧ ಬಿಲ್ಲುಗಳು ಎದ್ದಿದ್ದವು. 1799ರಲ್ಲಿ ಟಿಪ್ಪು ಮಡಿದ ಮೇಲೆ ವಯನಾಡು ಯಾರದೆಂಬ ಪ್ರಶ್ನೆ ಬಂತು. ಕಂಪನಿ ಅದು ತನ್ನದೆಂದಿತು, ಪಳಶ್ಶಿರಾಜ ಒಪ್ಪಲಿಲ್ಲ. 1802ರ ಅಕ್ಟೋಬರ್‌ನಲ್ಲಿ ಎಡಚ್ಚೇನ ಕುಂಕನ್ ಮತ್ತು ಕುರಿಚ್ಯರ ನಾಯಕ ತಲಕ್ಕಲ್ ಚಂದು ಸುಮಾರು 150 ಕುರಿಚ್ಯ ಬಿಲ್ಲಾಳುಗಳೊಡನೆ ಪನಮರಂ ಠಾಣ್ಯದ ಮೇಲೆ ಬಿದ್ದರು. ಇಬ್ಬರು ಇಂಗ್ಲಿಷ್ ಅಧಿಕಾರಿಗಳೂ 70 ಮಂದಿಯ ತುಕಡಿಯೂ ನಾಶವಾಯಿತು. 1805ರ ನವೆಂಬರ್‌ನಲ್ಲಿ ಚಂದುವನ್ನು ಹಿಡಿದು ಕೊಂದರು. ಅದೇ ತಿಂಗಳ 30ರಂದು ಪಳಶ್ಶಿರಾಜನೂ ಮಡಿದ.

ಪಾಠಪುಸ್ತಕದ ಕಥೆ ಇಲ್ಲಿಗೆ ಮುಗಿಯುತ್ತದೆ. ಆದರೆ ಏಳು ವರ್ಷಗಳ ಬಳಿಕ, 1812ರಲ್ಲಿ, ಕುರಿಚ್ಯರೂ ಕುರುಮರೂ ಮತ್ತೆ ದಂಗೆ ಎದ್ದರು. ಈ ಬಾರಿ ಅವರ ಹಿಂದೆ ಯಾವ ಅರಸನೂ ಇರಲಿಲ್ಲ. ಕಂಪನಿಯವರು ಕಂದಾಯವನ್ನು ಧಾನ್ಯದ ಬದಲು ನಗದಾಗಿ ಕಟ್ಟಬೇಕೆಂದು ಪಟ್ಟು ಹಿಡಿದುದು ಇದಕ್ಕೆ ಮುಖ್ಯ ಕಾರಣ. ಬೆಟ್ಟದಲ್ಲಿ ಬೆಳೆ ಬೆಳೆದು ಉಣ್ಣುವವನ ಕೈಯಲ್ಲಿ ನಾಣ್ಯ ಎಲ್ಲಿಂದ ಬರಬೇಕು? ಸಾಲ ಮಾಡಬೇಕು, ಇಲ್ಲವೇ ಗದ್ದೆ ಬಿಡಬೇಕು. ದಂಗೆ ಅದೇ ವರ್ಷ ಅಡಗಿತು. ಅರಸನಿಗಾಗಿ ಹೋರಾಡಿದ 1802ಕ್ಕೆ ಸಿಕ್ಕ ಗೌರವ ತಮ್ಮ ಗದ್ದೆಗಾಗಿ ಹೋರಾಡಿದ 1812ಕ್ಕೆ ಸಿಕ್ಕಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು.

ದೇವಿಯ ಉತ್ಸವದಲ್ಲಿ ಜೀತ

ಕುರಿಚ್ಯರಿಗೆ ಗದ್ದೆಯಾದರೂ ಇತ್ತು. ಪಣಿಯರಿಗೂ ಅಡಿಯರಿಗೂ ಅದೂ ಇರಲಿಲ್ಲ. ಪಣಿಯ ಎಂಬ ಹೆಸರೇ 'ಪಣಿ', ಅಂದರೆ ಕೆಲಸ, ಎಂಬ ಮಾತಿನಿಂದ ಬಂದುದೆನ್ನುತ್ತಾರೆ. ಮಾನಂತವಾಡಿಯ ಬಳಿ ಕಬಿನಿಯ ದಡದಲ್ಲಿ ವಳ್ಳಿಯೂರ್‌ಕಾವು ಭಗವತಿ ಕ್ಷೇತ್ರವಿದೆ. ಮೀನ ಮಾಸದಲ್ಲಿ ಅಲ್ಲಿ 14 ದಿನಗಳ ಉತ್ಸವ. ಜನ್ಮಿಗಳು ಅಲ್ಲಿಯೇ ಆಳುಗಳನ್ನು ಗೊತ್ತು ಮಾಡಿಕೊಳ್ಳುತ್ತಿದ್ದರು. 'ನಿಲ್ಪುಪಣ' ಎಂಬ ಸಣ್ಣ ಮೊತ್ತವನ್ನು ದೇವಿಯ ಎದುರಲ್ಲಿ ಕೊಟ್ಟರೆ ಆ ಕುಟುಂಬ ಒಂದು ವರ್ಷ ಆ ಒಡೆಯನನ್ನು ಬಿಟ್ಟು ಹೋಗುವಂತಿಲ್ಲ. ಕೂಲಿಗೆ 'ವಲ್ಲಿ' ಎಂದು ಹೆಸರು. ಅದು ಅಳೆದು ಕೊಡುವ ಭತ್ತ. ದೇವಿಯ ಮುಂದೆ ಕೊಟ್ಟ ಮಾತನ್ನು ಮುರಿಯುವ ಧೈರ್ಯ ಯಾರಿಗಿತ್ತು?

ಗುಲಾಮಗಿರಿಯನ್ನು ಅಮಾನ್ಯಗೊಳಿಸುವ ಕಾಯಿದೆ ಬ್ರಿಟಿಷ್ ಇಂಡಿಯಾದಲ್ಲಿ ಬಂದುದು 1843ರಲ್ಲಿ. ದೇಶ ಸ್ವತಂತ್ರವಾದುದು 1947ರಲ್ಲಿ. ಈ ಪದ್ಧತಿ ಈ ಎರಡು ಇಸವಿಗಳನ್ನೂ ದಾಟಿ ಬಂತು. ಜೀತ ನಿರ್ಮೂಲನ ಕಾನೂನು ಬಂದುದು 1976ರಲ್ಲಿ. ಹಾಗಾದರೆ ಆ ಗದ್ದೆಯ ಕೆಸರಿನಲ್ಲಿ ನಿಂತಿದ್ದ ಪಣಿಯನಿಗೆ 1947 ಏನಾಗಿತ್ತು? ಈ ಪ್ರಶ್ನೆಯನ್ನು ನಮ್ಮ ಮಕ್ಕಳ ಮುಂದೆಯೂ ಇಡಬೇಕೆಂದು ನನ್ನ ಅಭಿಪ್ರಾಯ.

ಕಾಡಿಗೆ ಬೇಲಿ, ಗದ್ದೆಗೆ ಪಟ್ಟಾ

ಹತ್ತೊಂಬತ್ತನೆಯ ಶತಮಾನದಲ್ಲಿ ಕಾಫಿ, ಚಹಾ ತೋಟಗಳು ಗುಡ್ಡ ಹತ್ತಿದವು. 1882ರ ಮದ್ರಾಸ್ ಅರಣ್ಯ ಕಾಯಿದೆಯಿಂದ ಕಾಡು ಸರಕಾರದ ರಿಸರ್ವ್ ಆಗತೊಡಗಿತು. ನಿನ್ನೆಯವರೆಗೆ ಜೇನು, ಗೆಡ್ಡೆ ತಂದ ಕಾಡಿನಲ್ಲಿ ಕಾಟುನಾಯ್ಕ ಅಪ್ಪಣೆ ಪಡೆದು ಓಡಾಡಬೇಕಾಯಿತು. 1940ರ ದಶಕದಿಂದ ತಿರುವಿದಾಂಕೂರಿನ ರೈತರು ವಲಸೆ ಬಂದರು. ಮಾಜಿ ಸೈನಿಕರಿಗಾಗಿ ಸರಕಾರವೇ ನೆಲ ಹಂಚಿತು. ವಲಸೆ ಬಂದವರಲ್ಲಿ ಹಸಿವಿನಿಂದ ಓಡಿಬಂದ ಬಡವರೇ ಬಹಳ. ಮಲೇರಿಯಾಕ್ಕೆ ಅವರೂ ಬಲಿಯಾದರು. ಅವರನ್ನು ದೂಷಿಸಿ ಪ್ರಯೋಜನವಿಲ್ಲ. ಆದರೆ ಅವರಲ್ಲಿ ಕಾಗದವಿತ್ತು, ಆದಿವಾಸಿಯಲ್ಲಿ ಇರಲಿಲ್ಲ.

1970ರ ಜನವರಿ 1ರಿಂದ ಜಾರಿಗೆ ಬಂದ ಕೇರಳದ ಭೂಸುಧಾರಣೆಯಿಂದ ಕಾಸರಗೋಡಿನ ಅನೇಕ ಒಕ್ಕಲು ಕುಟುಂಬಗಳು ಭೂಮಿಯ ಒಡೆತನ ಪಡೆದವು. ಅದೇ ಕಾನೂನು ವಯನಾಡಿನ ಪಣಿಯನನ್ನು ಒಕ್ಕಲೆಂದು ಗುರುತಿಸಲಿಲ್ಲ, ಏಕೆಂದರೆ ಆತ ಗೇಣಿ ಕೊಟ್ಟವನಲ್ಲ, ದುಡಿದವನು. ಕುಡಿಕಿಡಪ್ಪು ಹಕ್ಕಿನಲ್ಲಿ ಹಳ್ಳಿಗಳಲ್ಲಿ ಹೆಚ್ಚೆಂದರೆ 10 ಸೆಂಟ್ಸ್ ನೆಲ. ತೋಟಗಳಿಗಂತೂ ಭೂಮಿತಿಯೇ ಇಲ್ಲ.

ಒಂದು ಕಾನೂನು ನಡೆದ ದಾರಿ

ಆದಿವಾಸಿಗಳಿಂದ ಕೈತಪ್ಪಿದ ಭೂಮಿಯನ್ನು ಮರಳಿಸುವ ಕಾನೂನನ್ನು ಕೇರಳ ವಿಧಾನಸಭೆ 1975ರಲ್ಲಿ ಒಪ್ಪಿತು. 1960ರ ಜನವರಿ 1ರ ಬಳಿಕ ನಡೆದ ಹಸ್ತಾಂತರಗಳು ಅಸಿಂಧುವೆಂದಿತು. ಆದರೆ ಅದಕ್ಕೆ ನಿಯಮಗಳು ಬರಲು 1986 ಆಗಬೇಕಾಯಿತು. ಆಮೇಲೂ ಭೂಮಿ ಮರಳಲಿಲ್ಲ. ನಲ್ಲತಂಬಿ ತೇರ ಎಂಬ ವೈದ್ಯರು 1988ರಲ್ಲಿ ಹೈಕೋರ್ಟಿಗೆ ಹೋದರು. 1993ರಲ್ಲಿ ಆರು ತಿಂಗಳೊಳಗೆ ಕಾನೂನು ಜಾರಿಮಾಡಿರೆಂದು ನ್ಯಾಯಾಲಯ ಹೇಳಿತು. ಸರಕಾರ ತಂದ 1996ರ ತಿದ್ದುಪಡಿಗೆ ರಾಷ್ಟ್ರಪತಿಗಳ ಅಂಕಿತ ದೊರೆಯಲಿಲ್ಲ. 1999ರಲ್ಲಿ ಹೊಸ ಕಾನೂನೇ ಬಂತು: 2 ಹೆಕ್ಟೇರ್‌ವರೆಗಿನ ಭೂಮಿ ಈಗ ಹಿಡಿದಿರುವವರಲ್ಲೇ ಉಳಿಯಲಿ, ಕಳೆದುಕೊಂಡವನಿಗೆ ಸರಕಾರ ಬೇರೆಡೆ ಕೊಡಲಿ. 2009ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಕಾನೂನು ಮಾಡಿದ ಪಕ್ಷಗಳು ಬೇರೆಬೇರೆ; ಈ ವಿಷಯದಲ್ಲಿ ಎಲ್ಲರೂ ಒಂದು.

ಬೇರೆಡೆಯ ಆ ಭೂಮಿಗಾಗಿಯೇ 2001ರಲ್ಲಿ ಅಡಿಯರ ಮಗಳು ಸಿ.ಕೆ. ಜಾನು ಅವರ ನೇತೃತ್ವದಲ್ಲಿ ತಿರುವನಂತಪುರದ ಸೆಕ್ರೆಟೇರಿಯಟ್ ಮುಂದೆ 48 ದಿನಗಳ ಕಾಲ ಗುಡಿಸಲು ಕಟ್ಟಿ ಕುಳಿತರು. ಅಕ್ಟೋಬರ್ 16ರಂದು ಒಪ್ಪಂದವಾಯಿತು: ಭೂಹೀನ ಕುಟುಂಬಕ್ಕೆ 1ರಿಂದ 5 ಎಕರೆ. ಮಾತು ನಡೆಯದಿದ್ದಾಗ 2003ರ ಜನವರಿಯಲ್ಲಿ ಮುತ್ತಂಗದ ಕಾಡಿಗೆ ಹೋಗಿ ಗುಡಿಸಲು ಹಾಕಿದರು. ಫೆಬ್ರವರಿ 19ರಂದು ಪೊಲೀಸರು ಗುಂಡು ಹಾರಿಸಿದರು. ಜೋಗಿ ಎಂಬ ಆದಿವಾಸಿಯೂ ವಿನೋದ್ ಎಂಬ ಪೊಲೀಸನೂ ಅಂದು ಸತ್ತರು. ಮುತ್ತಂಗವೆಂದರೆ ಕೋಯಿಕ್ಕೋಡು–ಮೈಸೂರು ರಸ್ತೆಯಲ್ಲಿ ಕರ್ನಾಟಕಕ್ಕೆ ಕಾಲಿಡುವ ಮೊದಲು ಸಿಗುವ ಊರು. ಬಸ್ಸಿನಲ್ಲಿ ಹಾದುಹೋಗುವ ನಮಗೆ ಅದು ಚೆಕ್‌ಪೋಸ್ಟ್ ಮಾತ್ರ. 2006ರ ಅರಣ್ಯ ಹಕ್ಕು ಕಾಯಿದೆ ಆದಿವಾಸಿಗಳಿಗೆ 'ಚಾರಿತ್ರಿಕ ಅನ್ಯಾಯ'ವಾಗಿದೆಯೆಂದು ತನ್ನ ಪೀಠಿಕೆಯಲ್ಲೇ ಒಪ್ಪಿಕೊಂಡಿತು.

ನಮ್ಮ ಅಂಗಳದಲ್ಲಿ

ಇಷ್ಟು ಓದಿ ಇದು ವಯನಾಡಿನ ಮಾತೆಂದು ಯಾರೂ ಪಕ್ಕಕ್ಕಿಡಬಾರದು. ನಮ್ಮ ಕಾಸರಗೋಡಿನಲ್ಲಿಯೂ ಗಡಿಯಾಚೆಯ ದಕ್ಷಿಣ ಕನ್ನಡದಲ್ಲಿಯೂ ಕೊರಗರಿದ್ದಾರೆ. ಅವರ ಬುಟ್ಟಿ ನಮ್ಮ ಮನೆಗಳಲ್ಲಿದೆ, ಅವರ ಡೋಲಿನ ಸದ್ದು ನಮ್ಮ ಕಿವಿಯಲ್ಲಿದೆ. ಅವರಿಗೆ ತಮ್ಮದೇ ನುಡಿಯೊಂದಿದೆಯೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಅವರನ್ನು ಹೀನವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕಕ್ಕೆ 2000ದಲ್ಲಿ ಕಾನೂನು ಮಾಡಬೇಕಾಗಿ ಬಂತು.

ಮನೆಯ ಮಾತು ಶಾಲೆಯಲ್ಲಿ ಸಿಗದಿದ್ದರೆ ಮಗುವಿಗೆ ಏನಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಟುನಾಯ್ಕರ ಮಗುವಿಗೂ ಕೊರಗರ ಮಗುವಿಗೂ ಅದೇ ಆಗುತ್ತದೆ. ಅದರ ಪರವಾಗಿ ಮಾತಾಡಲು ಸಂಘವಿಲ್ಲ, ಪತ್ರಿಕೆಯಿಲ್ಲ, ಇಂಥ ವಾರ್ಷಿಕ ಸಂಚಿಕೆಯೂ ಇಲ್ಲ. ಎರಡು ಭಾಷೆಗಳ ಈ ಸಂಚಿಕೆಯಲ್ಲಿ ಅವರ ನುಡಿಗಳಿಗೂ ನಾಲ್ಕು ಪುಟ ಸಿಗಲಿ. ಬರೆಯಬೇಕಾದವರು ಅವರೇ, ಅಚ್ಚುಮಾಡುವ ಕೆಲಸ ನಮ್ಮದಾಗಲಿ. ಭಾಷಾ ಅಲ್ಪಸಂಖ್ಯಾತರೆಂದು ನಾವು ಕೇಳುವ ನ್ಯಾಯ ನಮಗಿಂತ ಕಡಿಮೆ ಸಂಖ್ಯೆಯವರಿಗೂ ಸಲ್ಲಬೇಕು. ಹಾಗಾದಾಗ ನಮ್ಮ ಬೇಡಿಕೆಗೂ ಬಲ ಬರುತ್ತದೆ.