ಮಂದ್ರದ ಋಣ
1940ರ ದಶಕದ ಅಮೆರಿಕದ ನೃತ್ಯಶಾಲೆಗಳಲ್ಲಿ, ಆಳೆತ್ತರದ ಡಬಲ್ ಬೇಸ್ ವಾದ್ಯದ ಮಂದ್ರಸ್ವರವು ಡ್ರಮ್ಮು, ತುತ್ತೂರಿಗಳ ನಡುವೆ ಅಡಗಿಹೋಗುತ್ತಿತ್ತು. ಲಿಯೋ ಫೆಂಡರ್ 1951ರಲ್ಲಿ ಹೊರತಂದ ಪ್ರಿಸಿಷನ್ ಬೇಸ್ ಗಿಟಾರು ಅದಕ್ಕೆ ವಿದ್ಯುತ್ತಿನ ಬಲವನ್ನೂ, ವೀಣೆಯಲ್ಲಿರುವಂಥ ಮೆಟ್ಟಿಲುಗಳಿಂದ ಸ್ವರಶುದ್ಧಿಯನ್ನೂ ಕೊಟ್ಟಿತು. 1969ರಲ್ಲಿ ಆಂಪೆಗ್ ಕಂಪನಿಯ 300 ವಾಟ್ ವರ್ಧಕವು ರೋಲಿಂಗ್ ಸ್ಟೋನ್ಸ್ ತಂಡದೊಡನೆ ಬೃಹತ್ ಸಭಾಂಗಣಗಳನ್ನೇ ತುಂಬಿತು.

ಆದರೆ ಸದ್ದು ಬೇರೆ, ನಾದ ಬೇರೆ. ಡೆಟ್ರಾಯಿಟ್ಟಿನ ಮೋಟೌನ್ ಸಂಸ್ಥೆಯ ವಾದಕ ಜೇಮ್ಸ್ ಜೇಮರ್ಸನ್ ತೋರುಬೆರಳೊಂದರಿಂದಲೇ ಮೀಟುತ್ತಿದ್ದರು. ಹರಿದ ಹೊರತು ತಂತಿ ಬದಲಿಸುತ್ತಿರಲಿಲ್ಲ. ಹಳೆಯ ತಂತಿಯ ಆ ಮೃದುಗಂಭೀರ ನಾದ ಗಾಯಕರ ಕಂಠವನ್ನು ಮುಚ್ಚದೆಯೇ ಹೊತ್ತು ನಿಂತಿತು. ಆದರೂ 1971ರಲ್ಲಿ ‘ವಾಟ್ಸ್ ಗೋಯಿಂಗ್ ಆನ್’ ಬರುವವರೆಗೆ ಮೋಟೌನ್ ಧ್ವನಿಮುದ್ರಿಕೆಗಳು ಅಂಥ ವಾದಕರ ಹೆಸರನ್ನು ಸಾಮಾನ್ಯವಾಗಿ ನಮೂದಿಸುತ್ತಿರಲಿಲ್ಲ. ಆ ಹೆಸರನ್ನು ಸ್ಮರಿಸುವುದು ಕೇಳುಗರಾದ ನಮ್ಮ ಋಣಸಂದಾಯ.